ಕಕ್ಕಸಿನ ಗೋಡೆಯ ಕ್ಯಾಲೆಂಡರು

ಆಫ್ಕೆ ವೀರ್ಸ್ಮಾಳ ಮನೆಯ ಕಕ್ಕಸಿಗೆ ಹೋದವರೆಲ್ಲ ಹೊರಗೆ ಬಂದು ಕೇಳುತ್ತಿದ್ದ ಪ್ರಶ್ನೆ ಒಂದೇ: “ಯಾರೇ ಈ ಬೂಲೆನ್ಸ್?”

ನಮ್ಮ ಗ್ರೋನಿಂಗನ್ ಸೀಮೆಯಲ್ಲಿ ಕಕ್ಕಸಿನ ಗೋಡೆಗೆ ಹುಟ್ಟುಹಬ್ಬದ ಕ್ಯಾಲೆಂಡರು ನೇತುಹಾಕದ ಮನೆಯಿಲ್ಲ. ಅದರಲ್ಲಿ ವಾರ ಇರುವುದಿಲ್ಲ, ವರ್ಷ ಇರುವುದಿಲ್ಲ, ಬರೀ ತಿಂಗಳು ಮತ್ತು ತಾರೀಖು. ಒಮ್ಮೆ ತಂದರೆ ಮೂವತ್ತು ವರ್ಷ ಬರುತ್ತದೆ. ದಿನಾ ಕೂತಲ್ಲೇ ಕಣ್ಣಿಗೆ ಬೀಳುವುದರಿಂದ ನಾದಿನಿಯ ಹುಟ್ಟುಹಬ್ಬ ಮರೆತೆ ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಆಫ್ಕೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ಒಂಬತ್ತರ ಎದುರು, ಉಳಿದೆಲ್ಲ ಹೆಸರುಗಳಿಗಿಂತ ದಪ್ಪವಾಗಿ, ಶಾಯಿಯಲ್ಲಿ ‘ಬೂಲೆನ್ಸ್’ ಎಂದು ಬರೆದಿತ್ತು. ಅವನು ಅವಳ ನೆಂಟನಲ್ಲ, ಗೆಳೆಯನಲ್ಲ. ಅವತ್ತು ಅವನು ಹುಟ್ಟಿದ ದಿನವೂ ಅಲ್ಲ.

“ಮರೀಬಾರ್ದಲ್ಲ, ಅದಕ್ಕೆ ಬರೆದಿದೀನಿ” ಎನ್ನುತ್ತಿದ್ದಳು ಆಫ್ಕೆ. ಅಷ್ಟು ಹೇಳಿ ಕಾಫಿ ಬಗ್ಗಿಸುತ್ತಿದ್ದಳು.

ನಾನು ಗ್ರೀತ್. ವಿಶ್ವವಿದ್ಯಾಲಯದ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಹನ್ನೊಂದು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತವಳು. ಆದದ್ದಾಯಿತು, ಕ್ಷಮಿಸಿಬಿಡಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಅಂಥವರು ಇದನ್ನು ಇಲ್ಲಿಗೇ ಓದುವುದು ನಿಲ್ಲಿಸಿದರೆ ನನ್ನ ಅಭ್ಯಂತರವಿಲ್ಲ.

ಆಫ್ಕೆ ಹಾರ್ಸ್‌ವೆರ್ಡ್ ಎಂಬ ಹಳ್ಳಿಯವಳು. ಸಮುದ್ರದ ಒಡ್ಡಿನ ಹಿಂದೆ ನಲವತ್ತು ಮನೆ, ಒಂದು ಇಗರ್ಜಿ, ಮೂರು ಕಾಲ ಗಾಳಿ. ಮದುವೆಗೆ ಮುಂಚೆ ಮೊಟ್ಟೆ ವಿಂಗಡಿಸುವ ಕೇಂದ್ರದಲ್ಲಿ ಕೆಲಸ ಮಾಡಿದ್ದಳು. ದಿನಕ್ಕೆ ಸಾವಿರಾರು ಮೊಟ್ಟೆ ಕಣ್ಣೆದುರು ಹಾದುಹೋಗಿ ಎಣಿಸುವ ಚಟ ಕೈಗೇ ಅಂಟಿಕೊಂಡಿತ್ತು. ಗಂಡ ಎಪ್ಪೊ ಸಕ್ಕರೆ ಕಾರ್ಖಾನೆಯಲ್ಲಿದ್ದ. ಎಪ್ಪತ್ತರ ಡಿಸೆಂಬರಿನಲ್ಲಿ ಮಗ ಮೆನ್ನೊ ಹುಟ್ಟಿದ.

ಮಗ ಮಾತು ಶುರುಮಾಡಿದಾಗ ಅದನ್ನೂ ಎಣಿಸತೊಡಗಿದಳು. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಅವನು ಒಂದು ಪದ ಆಡಿದರೆ ಏಪ್ರನ್ನಿನ ಎಡ ಜೇಬಿನಿಂದ ಬಟ್ಟೆ ಕ್ಲಿಪ್ಪೊಂದನ್ನು ತೆಗೆದು ಬಲ ಜೇಬಿಗೆ ಹಾಕುವುದು. ಊಟದ ಹೊತ್ತಿಗೆ ಬಲ ಜೇಬಿನಲ್ಲಿ ಎಷ್ಟಿವೆ ನೋಡಿ, ಮನೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ ಇದ್ದದ್ದು ಕಕ್ಕಸಿನಲ್ಲೇ ಆದ್ದರಿಂದ, ಆ ದಿನದ ತಾರೀಖಿನ ಎದುರು ಸಂಖ್ಯೆ ಬರೆಯುವುದು. ಯಾರೂ ಹೇಳಿಕೊಟ್ಟದ್ದಲ್ಲ. ಅವಳಿಗೆ ಖುಷಿಯಾಗುತ್ತಿತ್ತು, ಬರೆಯುತ್ತಿದ್ದಳು.

ಎಪ್ಪತ್ತಮೂರರ ಮಾರ್ಚ್ ಒಂಬತ್ತು, ಶುಕ್ರವಾರ. ತಿಂಗಳಿಗೊಮ್ಮೆ ಊರಿನ ಸಭಾಮನೆಯಲ್ಲಿ ಮಕ್ಕಳ ತಪಾಸಣೆ ನಡೆಯುತ್ತಿತ್ತು. ತಾಯಂದಿರು ಉದ್ದ ಬೆಂಚಿನ ಮೇಲೆ ಕೂತು ಮಕ್ಕಳ ಬಟ್ಟೆ ಬಿಚ್ಚಿ, ಸರದಿ ಕಾಯಬೇಕು. ಅವತ್ತು ಪಟ್ಟಣದಿಂದ ಹೊಸ ಡಾಕ್ಟರು ಬಂದಿದ್ದ. ರೂಲೊಫ್ ಬೂಲೆನ್ಸ್, ಮೂವತ್ತೈದರ ಹರೆಯ, ಕೈಯಲ್ಲಿ ಚರ್ಮದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಗೊಂಬೆ, ಲೋಟ, ಕೀಲಿಕೈ ಮತ್ತು ಅಚ್ಚಾದ ಒಂದು ಪಟ್ಟಿ. ಯಾವ ವಯಸ್ಸಿಗೆ ಮಗು ಎಷ್ಟು ಪದ ಆಡಬೇಕು ಎಂದು ಆ ಪಟ್ಟಿಯಲ್ಲಿ ಗೆರೆ ಎಳೆದಿತ್ತು. ಎರಡೂಕಾಲು ವರ್ಷದ ಮೆನ್ನೊ ಚಡ್ಡಿಯಲ್ಲಿ ನಿಂತು ಚಳಿಗೆ ನಡುಗಿದ. ಗೊಂಬೆ ತೋರಿಸಿದರೂ ಬಾಯಿ ಬಿಡಲಿಲ್ಲ, ಲೋಟ ತೋರಿಸಿದರೂ ಬಾಯಿ ಬಿಡಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಬೂಲೆನ್ಸ್ ಗೆರೆಯ ಎಷ್ಟೋ ಕೆಳಗೆ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಸೊನ್ನೆ ಬರೆದ.

ಆಫ್ಕೆ ಚೀಲದಿಂದ ಕ್ಯಾಲೆಂಡರು ತೆಗೆದಳು. ಇಂಥದ್ದೇನಾದರೂ ಆದೀತು ಎಂದು ತಂದಿದ್ದಳು.

“ಡಾಕ್ಟ್ರೇ, ಇವತ್ತು ಇವನು ಬಾಯಿ ಬಿಡೋ ದಿನ ಅಲ್ಲ. ಇಲ್ಲಿ ನೋಡಿ, ನಿನ್ನೆ ಇಪ್ಪತ್ತಾರು. ಮೊನ್ನೆ ಮೂರು. ಅದರ ಹಿಂದಿನ ದಿನ ಹದಿನೆಂಟು. ಹೀಗೇ ಏರಿಳೀತಾ ಇದಾನೆ.”

“ಅಮ್ಮಾ, ಬೆಳವಣಿಗೆ ಅಂದ್ರೆ ಏರೋದು. ಇಳಿಯೋದಲ್ಲ. ಇದನ್ನ ಎಲ್ಲಿಂದ ತಂದ್ರಿ?”

“ಕಕ್ಕಸಿನ ಗೋಡೆಯಿಂದ.”

“ಹಾಗಾದ್ರೆ ವಾಪಸ್ ಅಲ್ಲೇ ನೇತುಹಾಕಿ. ಕೂತ್ಕೊಂಡಾಗ ಓದೋಕೆ ಚೆನ್ನಾಗಿದೆ.”

ಹೇಳಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. ನರ್ಸು ನಕ್ಕಳು. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ನಕ್ಕರು, ಹಿಂದಿನ ದಿನ ಅವಳಿಂದ ಸಕ್ಕರೆ ಕಡ ಕೇಳಿ ಒಯ್ದಿದ್ದ ಪಕ್ಕದ ಮನೆಯವಳೂ ಸೇರಿ. ಮೆನ್ನೊಗೆ ಯಾಕೆ ಎಂದು ತಿಳಿಯದೆ ಅವನೂ ನಕ್ಕ. ಆಫ್ಕೆ ಮಗನಿಗೆ ಬಟ್ಟೆ ತೊಡಿಸಿ, ಕ್ಯಾಲೆಂಡರು ಮಡಚಿಕೊಂಡು ಮನೆಗೆ ಬಂದಳು. ಅದನ್ನು ವಾಪಸ್ಸು ಅಲ್ಲೇ ನೇತುಹಾಕಿದಳು. ಶಾಯಿಯ ಪೆನ್ನು ತಂದು ಆ ಹೆಸರು ಬರೆದದ್ದು ಆಗಲೇ.

ಆರು ವಾರದ ಮೇಲೆ, ಏಪ್ರಿಲ್ ಇಪ್ಪತ್ತೊಂದು, ಈಸ್ಟರ್ ಹಬ್ಬದ ಹಿಂದಿನ ದಿನ. ಬಣ್ಣ ಹಚ್ಚಿದ ಮೊಟ್ಟೆಗಳನ್ನು ಎಪ್ಪೊ ಅಲ್ಲಲ್ಲಿ ಬಚ್ಚಿಟ್ಟಿದ್ದ. ಮೆನ್ನೊ ಹಿತ್ತಲ ಬಾಗಿಲಲ್ಲಿ ನಿಂತು, “ಮೊಟ್ಟೆ ಅಪ್ಪನ ಮರದ ಜೋಡಿನ ಒಳಗಿದೆ” ಅಂದ. ಅದು ಅವನ ಮೊದಲ ಪೂರ್ತಿ ವಾಕ್ಯ. ಅವತ್ತು ಊಟದ ಹೊತ್ತಿಗೆ ಆಫ್ಕೆಯ ಬಳಿ ಕ್ಲಿಪ್ಪುಗಳು ಸಾಲಲಿಲ್ಲ. ಆಮೇಲೆ ಅವನ ಮಾತು ನಿಂತದ್ದೇ ಇಲ್ಲ.

ಆದರೆ ಕಡತ ಮಾತು ಕೇಳುವುದಿಲ್ಲ. ಬೂಲೆನ್ಸ್ ಬರೆದ ಕಾಗದ ಮೆನ್ನೊನ ಹಿಂದೆಯೇ ಹೋಯಿತು. ಆಫ್ಕೆ ಎರಡು ಪತ್ರ ಬರೆದಳು, ಉತ್ತರ ಬರಲಿಲ್ಲ. ನಾಲ್ಕು ತುಂಬಿದ ಮೇಲೆ ಪ್ರತಿದಿನ ಬೆಳಿಗ್ಗೆ ಒಂದು ಚಿಕ್ಕ ಬಸ್ಸು ಬಂದು ಅವನನ್ನು ಮಂದಬುದ್ಧಿಯ ಮಕ್ಕಳ ಶಾಲೆಗೆ ಕರೆದೊಯ್ಯುತ್ತಿತ್ತು. ಊರಿನ ಉಳಿದ ಮಕ್ಕಳು ಸೈಕಲ್ಲಿನಲ್ಲಿ ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರು. ಅಲ್ಲಿ ಎಂಟು ವರ್ಷ. ಸ್ವಲ್ಪ ದೊಡ್ಡವನಾದ ಮೇಲೆ ಆ ಶಾಲೆಯಲ್ಲಿ ಅವನು ಕಲಿತ ವಿದ್ಯೆ ಯಾವುದು ಗೊತ್ತೆ? ಬಟ್ಟೆ ಕ್ಲಿಪ್ಪು ಜೋಡಿಸುವುದು. ಎರಡು ಮರದ ತುಂಡು, ನಡುವೆ ಒಂದು ಸ್ಪ್ರಿಂಗು. ಮೊದಲ ಸಲ ಮಗ ಮನೆಗೆ ಒಂದು ಹಿಡಿ ಕ್ಲಿಪ್ಪು ತಂದು ಹೆಮ್ಮೆಯಿಂದ ಮೇಜಿನ ಮೇಲೆ ಸುರಿದಾಗ ಆಫ್ಕೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳಂತೆ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದ್ದು.

ಹನ್ನೆರಡಕ್ಕೆ ಯಾರೋ ಒಬ್ಬ ಮೇಷ್ಟ್ರು ಕಣ್ಣು ಬಿಟ್ಟು ನೋಡಿ ಅವನನ್ನು ಮಾಮೂಲಿ ಶಾಲೆಗೆ ದಾಟಿಸಿದರು. ಅಷ್ಟರಲ್ಲಿ ಹೋದದ್ದು ಹೋಗಿತ್ತು. ಮುಂದೆ ಮೆನ್ನೊ ಕಾಲುವೆಯ ಮೇಲೆ ಸೇತುವೆ ಎತ್ತಿ ಇಳಿಸುವ ಕೆಲಸ ಹಿಡಿದ. ದೋಣಿ ಬಂದರೆ ಎತ್ತುವುದು, ಹೋದರೆ ಇಳಿಸುವುದು, ನಡುವೆ ದೋಣಿಯವರ ಜೊತೆ ಹರಟೆ. ಒಳ್ಳೆ ಹುಡುಗ, ಅವನಿಗೆ ಯಾರ ಮೇಲೂ ಸಿಟ್ಟಿಲ್ಲ. ಅವನ ಪಾಲಿನ ಸಿಟ್ಟನ್ನೂ ಅವನಮ್ಮನೇ ಇಟ್ಟುಕೊಂಡಿದ್ದಳು.

ಆಫ್ಕೆ ನಮ್ಮ ಕೋಣೆಗೆ ಬಂದದ್ದು ಎಂಬತ್ತನಾಲ್ಕರಲ್ಲಿ, ನೆಲ ಒರೆಸಲು. ನಾವು ಮಕ್ಕಳ ವೀಡಿಯೊ ನೋಡಿ ಎಣಿಸುವವರು. ಮಗು ಯಾವ ಕೈ ಚಾಚಿತು, ಯಾವ ಪದ ಆಡಿತು, ಎಷ್ಟು ಸಲ. ಟೇಪು ನಿಲ್ಲಿಸು, ಹಿಂದಕ್ಕೆ ಓಡಿಸು, ಮತ್ತೆ ನೋಡು. ಒಂದು ದಿನ ನನ್ನ ಹಿಂದೆ ಬಕೆಟ್ಟು ಹಿಡಿದು ನಿಂತವಳು, “ಅದು ಬಲಗೈ ಅಲ್ಲ, ಎಡಗೈ” ಅಂದಳು. ಹಿಂದಕ್ಕೆ ಓಡಿಸಿ ನೋಡಿದರೆ ಎಡಗೈಯೇ. ಮುಂದಿನ ತಿಂಗಳು ಅವಳಿಗೂ ಒಂದು ಕುರ್ಚಿ ಸಿಕ್ಕಿತು.

ನಮ್ಮ ಕೆಲಸಕ್ಕೆ ಒಂದೇ ನಿಯಮ. ಒಂದೇ ಟೇಪನ್ನು ಇಬ್ಬರು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, ಎಣಿಸಬೇಕು. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಡುವುದು. ತಾಳೆಯಾದರೆ ಸರಿ, ಇಲ್ಲದಿದ್ದರೆ ಮತ್ತೆ ಮೊದಲಿಂದ. ಅತ್ತರೂ ಅಷ್ಟೇ, ಕರೆದರೂ ಅಷ್ಟೇ. ಆಫ್ಕೆಗೂ ನನಗೂ ತಾಳೆಯಾಗದ ದಿನಗಳು ಕಡಿಮೆ. ಆಗದ ದಿನ ತಪ್ಪಿರುತ್ತಿದ್ದವಳು ಸಾಮಾನ್ಯವಾಗಿ ನಾನು. ಅದನ್ನು ಅವಳು ಒಮ್ಮೆಯೂ ಸುಮ್ಮನೆ ಬಿಡುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಮರ್ರಿತ್ ಎಂಬ ಹುಡುಗಿ ಸಂಶೋಧನೆಗೆ ಬಂದಳು. ಉದ್ದನೆಯವಳು, ಮಾತಾಡುವಾಗ ಕೈಯೆಲ್ಲ ಗಾಳಿಯಲ್ಲಿ. ಒಂದು ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ, ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು ಮುಚ್ಚಿದ ಮೇಲೆ, ತನ್ನ ಹೊಸ ಸಿದ್ಧಾಂತ ವಿವರಿಸಿದಳು.

“ಮಗು ಮೆಟ್ಟಿಲು ಹತ್ತಿದ ಹಾಗೆ ಬೆಳೆಯೋದಿಲ್ಲ. ನಾಲಿಗೆ, ನಿದ್ದೆ, ಹುಟ್ತಾ ಇರೋ ಹಲ್ಲು, ನಡೆಯೋಕೆ ಕಲಿತ ಕಾಲು, ಅಮ್ಮನ ಮುಖ, ಎಲ್ಲ ಒಂದನ್ನೊಂದು ಹಿಡಿದು ಜಗ್ತಾ ಇರ್ತವೆ. ಮುಂದೆ ನಿಂತು ನಡೆಸೋ ಯಜಮಾನ ಅಂತ ಯಾರೂ ಇಲ್ಲ. ಇವತ್ತಿನ ಸ್ಥಿತಿಯಿಂದಲೇ ನಾಳಿನದು ಹುಟ್ಟಬೇಕು. ಹಳೇ ಕ್ರಮ ಸಡಿಲ ಆಗಿ ಹೊಸದು ಕೂಡಿಕೊಳ್ಳೋ ಮುಂಚೆ ಇಡೀ ಮಗು ಓಲಾಡುತ್ತೆ. ಸೈಕಲ್ ಕಲಿಯೋ ಮಗು ನೋಡಿಲ್ವಾ? ಇನ್ನೇನು ಬಂತು ಅನ್ನೋ ದಿನವೇ ಜಾಸ್ತಿ ವಾಲಾಡೋದು. ನಾವು ಇಷ್ಟು ವರ್ಷ ಏನು ಮಾಡಿದ್ವಿ? ನೂರು ಮಕ್ಕಳನ್ನ ಒಂದೊಂದು ಸಲ ಅಳೆದು, ಸರಾಸರಿ ತೆಗೆದು, ಆ ಓಲಾಟವನ್ನೇ ಅಳಿಸಿ ಬಿಸಾಕಿದ್ವಿ. ನನಗೆ ಬೇಕಾದ್ದು ಒಂದೇ ಮಗು, ದಿನಾ ದಿನಾ ಅಳೆದದ್ದು.”

ಆಫ್ಕೆ ಕಪ್ಪು ಕೆಳಗಿಟ್ಟಳು. “ಏರಿಳಿತ ಜೋರಾದ್ರೆ ಏನರ್ಥ?”

“ಏನೋ ದೊಡ್ಡದು ಬರ್ತಾ ಇದೆ ಅಂತ.”

ಆಫ್ಕೆ ಎದ್ದುಹೋಗಿ ಅರ್ಧ ಗಂಟೆ ಬರಲಿಲ್ಲ. ಹುಡುಕಿಕೊಂಡು ಹೋದೆ. ಕೈತೊಳೆಯುವ ಬೋಗುಣಿಯ ಅಂಚು ಹಿಡಿದು ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

“ಅವನು ನಕ್ಕಿದ್ದು ಅದನ್ನೇ ನೋಡಿ ಕಣೆ, ಗ್ರೀತ್. ಅದನ್ನೇ ನೋಡಿ.” ಸಂಗತಿ ಪೂರ್ತಿ ನನಗೆ ತಿಳಿದದ್ದು ಅವತ್ತು. ಕೇಳಿ ನನ್ನ ರಕ್ತವೂ ಕುದಿಯಿತು.

ಮರುದಿನ ಅವಳು ಕ್ಯಾಲೆಂಡರು ತಂದು ಮರ್ರಿತ್‌ಳ ಮೇಜಿನ ಮೇಲಿಟ್ಟಳು. ಮಗನ ಲೆಕ್ಕ ಎಂದಷ್ಟೇ ಹೇಳಿದಳು, ಬೂಲೆನ್ಸನ ಮಾತೆತ್ತಲಿಲ್ಲ. ಆ ಹೆಸರು ಕಾಣದಂತೆ ಸದ್ಯಕ್ಕೆ ಮೇಲೊಂದು ಕಾಗದದ ಚೂರು ಅಂಟಿಸಿದ್ದಳು. ಮರ್ರಿತ್ ಕುಣಿದಾಡುತ್ತಾ ಸಂಖ್ಯೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಒಂದು ವಾರದ ಮೇಲೆ ಬಂದಾಗ ಮುಖ ಸಪ್ಪಗಿತ್ತು. ಅವಳ ಕೈಯ ಕಾಗದದಲ್ಲಿದ್ದ ಗೆರೆ ನಮ್ಮ ನೆಲದಷ್ಟೇ ಸಪಾಟು.

“ಬೇಜಾರು ಮಾಡ್ಕೋಬೇಡಿ ಆಫ್ಕೆ. ಇದರಲ್ಲಿ ಏರಿಳಿತ ಏನೂ ಕಾಣ್ತಿಲ್ಲ.”

“ನೀನೂ ಹೇಳಿಬಿಡು, ವಾಪಸ್ ಕಕ್ಕಸಿಗೆ ನೇತುಹಾಕು ಅಂತ!” ಆಫ್ಕೆಯ ಕಿರುಚಾಟಕ್ಕೆ ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿದರು.

ನಾನು ಕ್ಯಾಲೆಂಡರು ಎತ್ತಿ ದೀಪದ ಹತ್ತಿರ ಹಿಡಿದೆ. ಒಂದೊಂದು ತಾರೀಖಿನ ಎದುರು ಎರಡು ಮೂರು ಸಂಖ್ಯೆ ಒತ್ತೊತ್ತಾಗಿದ್ದವು. ಒಂದು ಕಪ್ಪು, ಒಂದು ಕೆಂಪು, ಒಂದು ನೀಲಿ.

“ಬಣ್ಣ ಯಾಕೆ ಬೇರೆ ಬೇರೆ?”

“ಪ್ರತಿ ಡಿಸೆಂಬರಿಗೆ, ಸಂತ ನಿಕೊಲಾಸನ ಹಬ್ಬಕ್ಕೆ, ಎಪ್ಪೊ ಹೊಸ ಪೆನ್ಸಿಲ್ ಕಟ್ತಿದ್ದ. ಸಿಕ್ಕಿದ ಬಣ್ಣದ್ದು.”

ಮರ್ರಿತ್ ಹಣೆ ಹೊಡೆದುಕೊಂಡಳು. ಅವಳ ಮನೆಯ ಕಕ್ಕಸಿನಲ್ಲೂ ಅಂಥದ್ದೇ ಕ್ಯಾಲೆಂಡರು ಇತ್ತು. ಅದಕ್ಕೆ ವರ್ಷ ಎಂಬುದಿಲ್ಲ ಎಂದು ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೂ ಮೂರು ವರ್ಷದ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಿದ್ದಳು. ಸರಾಸರಿಯ ವಿರುದ್ಧ ಅಷ್ಟು ಉದ್ದ ಭಾಷಣ ಮಾಡಿದವಳು! ಅದನ್ನು ಹೇಳಿ ನಾನು ಅವಳನ್ನು ವರ್ಷಗಟ್ಟಲೆ ಕಾಡಿದೆ.

ಭೂತಗನ್ನಡಿ ಹಿಡಿದು ಮೂರು ವಾರ ಕೂತು ಬಣ್ಣಗಳನ್ನು ಬೇರ್ಪಡಿಸಿದೆವು. ಕೆಂಪು ಎಪ್ಪತ್ತಮೂರರದು. ಕೆಂಪನ್ನು ಒಂದನ್ನೇ ಹಾಕಿದಾಗ ಪರದೆಯ ಮೇಲೆ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಆಡಿತು. ಫೆಬ್ರವರಿಯಲ್ಲಿ ಸಣ್ಣ ಹಲ್ಲು, ಮಾರ್ಚಿನಲ್ಲಿ ದೊಡ್ಡವು, ಏಪ್ರಿಲ್ ಇಪ್ಪತ್ತೊಂದಕ್ಕೆ ಒಂದೇ ನೆಗೆತ. ಮಾರ್ಚ್ ಒಂಬತ್ತು ಆ ಹಲ್ಲುಗಳಲ್ಲಿ ಅತಿ ಆಳದ್ದರ ತಳದಲ್ಲಿತ್ತು. ಮರ್ರಿತ್ ಪರದೆಗೆ ಮೂಗು ತಾಗಿಸಿ ನೋಡಿದಳು. “ಇಂಥದ್ದು ಇಡೀ ಯೂರೋಪಲ್ಲಿ ಯಾರ ಹತ್ರಾನೂ ಇಲ್ಲ” ಅಂದಳು. ಅವಳ ಪ್ರಬಂಧದಲ್ಲಿ ಮೆನ್ನೊ ‘ಮೊದಲ ಮಗು’ ಆದ. ಮೂಲದ ಬಗ್ಗೆ ‘ಮನೆಯಲ್ಲಿ ಇಟ್ಟ ದಿನವಹಿ ದಾಖಲೆ’ ಎಂದಷ್ಟೇ ಬರೆದಳು.

ಪ್ರಬಂಧ ಮುಗಿಯುವ ಹೊತ್ತಿಗೆ ಬೂಲೆನ್ಸ್ ಬೇರೆ ಊರಿನಲ್ಲಿ ದೊಡ್ಡ ಪ್ರೊಫೆಸರ್ ಆಗಿದ್ದ. ಮಕ್ಕಳ ಮಾತಿನ ವಿಷಯದಲ್ಲಿ ಅವನ ಹೆಸರು ಕೇಳದವರಿಲ್ಲ. ಪರೀಕ್ಷಕರು ಯಾರಿರಬೇಕು ಎಂಬ ಮಾತು ಬಂದಾಗ ಆಫ್ಕೆ ತಲೆಯೆತ್ತದೆ ಹೇಳಿದಳು: “ಆ ಬೂಲೆನ್ಸ್ ಅವರನ್ನ ಕರೀಬಾರ್ದಾ? ದೊಡ್ಡ ಮನುಷ್ಯರು.” ದಿನ ಗೊತ್ತುಮಾಡುವಾಗ, “ಮಾರ್ಚ್ ಒಂಬತ್ತು ಗುರುವಾರ ಬರುತ್ತೆ. ಒಳ್ಳೇ ದಿನ” ಅಂದಳು. ಮರ್ರಿತ್‌ಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದೆ.

ಅವಳಿಗೆ ಬೇಕಿದ್ದದ್ದು ಇಷ್ಟೇ. ಜನ ಸೇರಿದ ಕಡೆ ನಕ್ಕವನು, ಜನ ಸೇರಿದ ಕಡೆಯೇ ಆ ಕ್ಯಾಲೆಂಡರಿಗೆ ತಲೆ ಬಾಗಿಸಬೇಕು. ಹೇಳಬೇಕಾದ ಮಾತನ್ನು ಟೇಪು ಜೋಡಿಸುವಾಗೆಲ್ಲ ಗುನುಗುತ್ತಿದ್ದಳು: “ನೀವು ನಕ್ಕ ಕ್ಯಾಲೆಂಡರು ಇದೇ. ನೀವು ಅಳೆದದ್ದು ತಪ್ಪು. ಹಾಗಂತ ಈಗ ಇಲ್ಲೇ ಹೇಳಿ.”

ಮೆನ್ನೊ ಬೇಡ ಎಂದ. ಭಾನುವಾರ ಸಾಸಿವೆ ಸೂಪು ಕುಡಿಯುತ್ತಾ, “ಬಿಟ್ಟಾಕಮ್ಮಾ. ನಂಗೆ ಸೇತುವೆ ಇದೆ, ಮಾತಿದೆ. ಇನ್ನೇನು ಬೇಕು?” ಅಂದ.

“ಎಂಟು ವರ್ಷ ಬೇಕು ನಂಗೆ. ಕೊಡ್ತಾನಾ ಕೇಳು.”

ಮೆನ್ನೊ ಸೂಪು ಕುಡಿದ.

ನಮ್ಮಲ್ಲಿ ಪಿಎಚ್.ಡಿ. ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ. ಗೌನು ತೊಟ್ಟ ಪ್ರೊಫೆಸರುಗಳು ಒಂದು ಕಡೆ, ನೆಂಟರಿಷ್ಟರು ಎದುರಿಗೆ, ನಡುವೆ ಅಭ್ಯರ್ಥಿ. ಅವಳ ಎಡಬಲದಲ್ಲಿ ಕರಿ ಬಟ್ಟೆ ತೊಟ್ಟ ಇಬ್ಬರು ಜೊತೆಗಾರರು. ಸಾಮಾನ್ಯವಾಗಿ ತಮ್ಮ ಓರಗೆಯ ಸಂಶೋಧಕರನ್ನು ನಿಲ್ಲಿಸಿಕೊಳ್ಳುತ್ತಾರೆ. ಮರ್ರಿತ್ ಆಫ್ಕೆಯನ್ನೂ ನನ್ನನ್ನೂ ಕರೆದಳು. ಹಿರಿಯರು ಹುಬ್ಬೇರಿಸಿದರು. “ಕಣ್ಣು ಇವರದ್ದು, ಬರವಣಿಗೆ ಮಾತ್ರ ನಂದು” ಎಂದಳಂತೆ.

ಅವತ್ತು ಬೆಳಿಗ್ಗೆ ಮರ್ರಿತ್‌ಳ ಕಾಲರ್ ಸರಿಮಾಡುತ್ತಾ ಆಫ್ಕೆ ಎಲ್ಲವನ್ನೂ ಹೇಳಿಬಿಟ್ಟಳು. ಮರ್ರಿತ್ ಬಿಳಿಚಿಕೊಂಡಳು.

“ಆಫ್ಕೆ, ಇವತ್ತು ನನ್ನ ದಿನ.”

“ಗೊತ್ತು. ಅದಕ್ಕೇ ಹೇಳ್ತಿದೀನಿ. ಬೇಡ ಅಂದ್ರೆ ಬಾಯಿ ಹೊಲ್ಕೊಂಡು ನಿಲ್ತೀನಿ.”

ಮರ್ರಿತ್ ಕನ್ನಡಿ ನೋಡಿಕೊಂಡು ಕಾಲರಿನ ಗುಂಡಿ ಹಾಕಿಕೊಂಡಳು. “ದಾಖಲೆ ಎಲ್ಲಿಂದ ಬಂತು ಅಂತ ಅವರಾಗೇ ಕೇಳಿದ್ರೆ ಉತ್ತರ ನಿಮಗೆ ಬಿಡ್ತೀನಿ. ಕೇಳದಿದ್ರೆ ಇಲ್ಲ.”

ಪರೀಕ್ಷೆ ಸರಿಯಾಗಿ ನಲವತ್ತೈದು ನಿಮಿಷ. ಬೂಲೆನ್ಸನ ಸರದಿ ಕೊನೆಯದು. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಎದ್ದು ನಿಂತು ಮೊದಲ ಮಗುವಿನ ಪುಟ ತೆರೆದ. “ಇಂಥ ದಾಖಲೆಯನ್ನು ನನ್ನ ಇಡೀ ವೃತ್ತಿಜೀವನದಲ್ಲಿ ಕಂಡಿಲ್ಲ” ಎಂದ. ಏರಿಳಿತವೇ ಬೆಳವಣಿಗೆಯ ಜೀವಾಳ ಎಂದ. ಹಿಂದಿನವರು ಅದನ್ನು ಕಸ ಎಂದು ಗುಡಿಸಿದ್ದು ದೊಡ್ಡ ತಪ್ಪು ಎಂದ, ತಾನು ಆ ಹಿಂದಿನವರಲ್ಲಿ ಒಬ್ಬನಾಗಿರಲೇ ಇಲ್ಲ ಎಂಬಂತೆ. ನನ್ನ ಪಕ್ಕದಲ್ಲಿ ಆಫ್ಕೆಯ ಉಸಿರು ನನಗೆ ಕೇಳುತ್ತಿತ್ತು. ಗಡಿಯಾರದಲ್ಲಿ ನಲವತ್ತಮೂರು ನಿಮಿಷವಾಗಿತ್ತು.

“ಕೊನೆಯದಾಗಿ ಒಂದು ಕುತೂಹಲ. ಇದನ್ನ ಸಂಗ್ರಹಿಸಿದ ಸಂಸ್ಥೆ ಯಾವುದು? ಎಲ್ಲಿಂದ ತಂದ್ರಿ?”

ಮರ್ರಿತ್ ಆಫ್ಕೆಯ ಕಡೆ ತಿರುಗಿದಳು. “ಇದಕ್ಕೆ ನನ್ನ ಜೊತೆಗಾರ್ತಿ ಉತ್ತರ ಕೊಡ್ತಾರೆ.”

ಆಫ್ಕೆ ಒಂದು ಹೆಜ್ಜೆ ಮುಂದೆ ಬಂದಳು. “ಕಕ್ಕಸಿನ ಗೋಡೆಯಿಂದ.”

ಸಭೆ ಗೊಳ್ಳೆಂದಿತು. ಬೂಲೆನ್ಸ್ ಕೂಡ ನಕ್ಕ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. “ಅದ್ಭುತ! ಕಕ್ಕಸಿನ ಗೋಡೆಯಿಂದ!” ಎಂದ. ಅವನ ಮುಖದಲ್ಲಿ ಗುರುತಿನ ಸುಳಿವೂ ಇರಲಿಲ್ಲ. ಅವನಿಗೆ ಏನೆಂದರೆ ಏನೂ ನೆನಪಿರಲಿಲ್ಲ. ಇವಳು ಇಪ್ಪತ್ತೆರಡು ವರ್ಷ ದಿನಾ ಓದಿದ ಹೆಸರಿನವನಿಗೆ ಇವಳು ಯಾರೂ ಆಗಿರಲಿಲ್ಲ.

“ನೀವು ನಕ್ಕ...” ಎಂದು ಆಫ್ಕೆ ಬಾಯಿ ತೆರೆದಳು.

ಹಿಂದಿನ ಬಾಗಿಲು ತೆರೆಯಿತು. ಗೆಜ್ಜೆ ಕಟ್ಟಿದ ದಂಡ ಹಿಡಿದ ಅಧಿಕಾರಿಣಿ ಝಲ್ಲೆಂದು ಒಳಗೆ ಬಂದು, ದಂಡ ನೆಲಕ್ಕೆ ಕುಟ್ಟಿ, ಹೊತ್ತಾಯಿತು ಎಂದು ಲ್ಯಾಟಿನಿನಲ್ಲಿ ಕೂಗಿದಳು. ಆ ಕೂಗು ಬಿದ್ದ ಮೇಲೆ ಅರ್ಧ ಆಡಿದ ಪದವನ್ನೂ ಮುಗಿಸುವಂತಿಲ್ಲ. ನಾಲ್ಕು ನೂರು ವರ್ಷದ ಪದ್ಧತಿ. ಪ್ರೊಫೆಸರುಗಳು ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ಹೊರಟರು. 

ಆಫ್ಕೆ ಬಾಯಿ ತೆರೆದೇ ನಿಂತಿದ್ದಳು. ಆ ದಂಡ ಕಿತ್ತುಕೊಂಡು ಯಾರ ತಲೆಗಾದರೂ ಒಂದು ಬಿಡಬೇಕು ಅನ್ನಿಸಿತು ನನಗೆ.

ಮರ್ರಿತ್ ಡಾಕ್ಟರೇಟ್ ಪಡೆದಳು. ಕೆಳಗಿನ ಹಜಾರದಲ್ಲಿ ಬಿಯರು, ಗಿಣ್ಣಿನ ತುಂಡು, ಒಣ ಸಾಸೇಜು. ನಮ್ಮಲ್ಲಿ ಅಭಿನಂದನೆಗೆ ಸಾಲು ನಿಲ್ಲಬೇಕು. ಬಂದವರೆಲ್ಲ ಅಭ್ಯರ್ಥಿಯ ಕೈ ಕುಲುಕಿ, ಅವಳ ಅಪ್ಪ ಅಮ್ಮನ ಕೈ ಕುಲುಕಿ, ಜೊತೆಗಾರರ ಕೈಯನ್ನೂ ಕುಲುಕಿಯೇ ಮುಂದೆ ಹೋಗಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೆನ್ನೊ ಪಾಳಿ ಮುಗಿಸಿ ಸಮವಸ್ತ್ರದ ಜಾಕೆಟ್ಟಿನಲ್ಲೇ ಬಂದು ಅಮ್ಮನ ಪಕ್ಕ ನಿಂತಿದ್ದ. ಸಾಲಿನಲ್ಲಿ ಬೂಲೆನ್ಸ್ ಬಂದ. ಕೈ ಚಾಚಿದ. ಆಫ್ಕೆ ಹಿಡಿದ ಕೈ ಬಿಡಲಿಲ್ಲ.

“ಪ್ರೊಫೆಸರ್, ಇವನೇ ಮೊದಲ ಮಗು. ನನ್ನ ಮಗ.”

“ಓಹೋ! ಏನ್ ಕೆಲಸ ಮಾಡ್ತಿದೀರಪ್ಪಾ?”

“ಸೇತುವೆ ಎತ್ತುತೀನಿ” ಎಂದ ಮೆನ್ನೊ.

“ಭೇಷ್. ಅಂತೂ ಎಲ್ಲ ಸರಿಹೋಯ್ತಲ್ಲ.”

“ಸರಿಹೋಗ್ಲಿಲ್ಲ” ಎಂದಳು ಆಫ್ಕೆ. “ಹಾರ್ಸ್‌ವೆರ್ಡ್. ಎಪ್ಪತ್ತಮೂರು, ಇದೇ ತಾರೀಖು. ಇದೇ ಕ್ಯಾಲೆಂಡರು ನಿಮಗೆ ತೋರಿಸಿದೆ. ವಾಪಸ್ ಕಕ್ಕಸಿಗೆ ನೇತುಹಾಕಿ ಅಂದ್ರಿ. ನಿಮ್ಮ ಕಾಗದ ಇವನನ್ನ ಎಂಟು ವರ್ಷ ಬಟ್ಟೆ ಕ್ಲಿಪ್ಪು ಜೋಡಿಸೋಕೆ ಕೂರಿಸ್ತು.”

ಸಾಲು ನಿಂತಿತು. ಬೂಲೆನ್ಸ್ ಕೈ ಬಿಡಿಸಿಕೊಳ್ಳಲು ನೋಡಿದ. “ಅಮ್ಮಾ, ವರ್ಷಕ್ಕೆ ಸಾವಿರ ಮಕ್ಕಳನ್ನ ನೋಡ್ತಿದ್ದೆ. ಆ ಕಾಲದ ಪಟ್ಟಿ ಏನು ಹೇಳ್ತಿತ್ತೋ ಅದನ್ನ ಬರೀತಿದ್ದೆ. ನನ್ನ ಜಾಗದಲ್ಲಿ ಯಾರಿದ್ರೂ ಅದನ್ನೇ ಬರೀತಿದ್ರು.”

“ಬರೆಸಿದ್ದು ಪಟ್ಟಿ. ನಕ್ಕಿದ್ದು ನೀವು.”

ಅವನ ಹಿಂದೆ ಸಾಲಿನಲ್ಲಿ ಅವನ ಸಹೋದ್ಯೋಗಿಗಳೇ ಇದ್ದರು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಆಫ್ಕೆ ಅವನ ಕೈ ಬಿಟ್ಟು, ಚೀಲದಿಂದ ಕ್ಯಾಲೆಂಡರು ತೆಗೆದು ಮಾರ್ಚ್ ಪುಟ ತೆರೆದಳು. ದಾರದ ತುದಿಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಅವನು ತನ್ನ ಹೆಸರು ನೋಡಿದ. ಕಿವಿಯವರೆಗೆ ಕೆಂಪಾದ. ನನಗೆ ಹಬ್ಬದೂಟ ಮಾಡಿದಷ್ಟು ತೃಪ್ತಿಯಾಯಿತು.

“ಅವತ್ತು ಸೊನ್ನೆ ಬರೆದ್ರಿ. ಇವತ್ತಿನದನ್ನೂ ನೀವೇ ಬರೀರಿ” ಎಂದಳು. “ಎಲ್ಲ ಪದ ಎಣಿಸೋದು ಬೇಡ, ನಿಮಗೆ ಕಷ್ಟ ಆಗುತ್ತೆ. ಜಾಗ ಹೇಳೋ ಪದ ಮಾತ್ರ. ಮೇಲೆ, ಕೆಳಗೆ, ಒಳಗೆ, ಪಕ್ಕದಲ್ಲಿ. ಮೆನ್ನೊ, ನಿನ್ನ ಸೇತುವೆ ವಿಷಯ ಹೇಳು.”

ಮೆನ್ನೊ ಒಲ್ಲೆ ಎನ್ನುತ್ತಾನೆ ಎಂದುಕೊಂಡೆ. ಅವನು ಅಮ್ಮನ ಮುಖ ನೋಡಿದ. ಆಮೇಲೆ ಕ್ಯಾಲೆಂಡರಿನ ಮೇಲಿನ ಆ ಹೆಸರು ನೋಡಿದ. ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಎಷ್ಟು ಹೊತ್ತಮ್ಮಾ?”

“ಇಪ್ಪತ್ತು ನಿಮಿಷ. ಅವತ್ತೂ ಅಷ್ಟೇ.”

ಮೆನ್ನೊ ಶುರುಮಾಡಿದ. ದೋಣಿ ತಿರುವಿನ ಆಚೆ ಇದ್ದಾಗಲೇ ತನಗೆ ಹೇಗೆ ಗೊತ್ತಾಗುತ್ತದೆ, ಹಲಗೆಯ ಕೆಳಗೆ ಹಲ್ಲುಚಕ್ರದ ಪಕ್ಕದಲ್ಲಿ ಬಾತುಕೋಳಿ ಎಲ್ಲಿ ಗೂಡು ಕಟ್ಟಿದೆ, ಸೇತುವೆ ಮೇಲಕ್ಕೆ ಎದ್ದಾಗ ಸೈಕಲ್ಲಿನವರು ಗೇಟಿನ ಮುಂದೆ ನಿಂತು ಏನೇನು ಬೈಯುತ್ತಾರೆ. ಅಷ್ಟು ಜನರೆದುರು ಒಲ್ಲೆ ಎನ್ನಲಾಗದೆ ಬೂಲೆನ್ಸ್ ಕೈಯಲ್ಲಿದ್ದ ಪ್ರಬಂಧದ ಕೊನೆಯ ಖಾಲಿ ಪುಟದಲ್ಲಿ ಗೀಟು ಹಾಕುತ್ತಾ ಹೋದ. ಹೋಗಿಬಿಡೋಣ ಎಂದು ಒಮ್ಮೆ ಹಿಂದೆ ತಿರುಗಿದ. ಸಾಲು ಒಂದಿಂಚೂ ಸರಿಯಲಿಲ್ಲ. ನಡುವೆ ಮೆನ್ನೊ ಶಾಲೆಯ ಮಾತಿಗೆ ಬಂದ. ಮೇಜಿನ ಮೇಲೆ ಎಡಗಡೆ ಮರದ ತುಂಡು, ಬಲಗಡೆ ಸ್ಪ್ರಿಂಗು, ಕಾಲಿನ ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ದಿನಕ್ಕೆ ಮುನ್ನೂರ ನಲವತ್ತು ಕ್ಲಿಪ್ಪು. ಕಿಟಕಿಯ ಹೊರಗೆ ಬೇರೆ ಶಾಲೆಯ ಮಕ್ಕಳು. ಇದನ್ನು ಅವನು ಅಮ್ಮನಿಗೂ ಯಾವತ್ತೂ ಹೇಳಿರಲಿಲ್ಲ. ಹೇಳುವಾಗ ಅವನ ದನಿ ಏರಲಿಲ್ಲ, ಆದರೆ ಬೂಲೆನ್ಸನ ಕಣ್ಣಿನಿಂದ ತನ್ನ ಕಣ್ಣು ತೆಗೆಯಲಿಲ್ಲ. ಅವನ ಪಾಲಿನ ಸಿಟ್ಟು ಅವನಲ್ಲೇ ಇತ್ತು ಎಂದು ನನಗೆ ಆಗ ಗೊತ್ತಾಯಿತು.

ಇಪ್ಪತ್ತು ನಿಮಿಷವಾಯಿತು. ಬೂಲೆನ್ಸ್ ಗೀಟುಗಳನ್ನು ಎಣಿಸಿದ, ತಪ್ಪಿ ಮತ್ತೆ ಎಣಿಸಿದ. ಕ್ಯಾಲೆಂಡರು ಗೋಡೆಗೆ ಒತ್ತಿಹಿಡಿದು ತನ್ನ ಹೆಸರಿನ ಪಕ್ಕದಲ್ಲಿ ಎಂಬತ್ತೆಂಟು ಎಂದು ಬರೆದ. “ಆಯ್ತಾಮ್ಮಾ? ನಾನಿನ್ನು ಹೋಗಬಹುದಾ?”

ಆಫ್ಕೆ ಅದನ್ನು ಓದಿದಳು. ನನ್ನ ಕಡೆ ತಿರುಗಿದಳು.

“ಗ್ರೀತ್, ನಿಂದೆಷ್ಟು?”

“ನೂರಿಪ್ಪತ್ತೊಂಬತ್ತು” ಎಂದೆ. ಹನ್ನೊಂದು ವರ್ಷದ ಅಭ್ಯಾಸ, ಬೆರಳು ತಾನಾಗೇ ಎಣಿಸುತ್ತಿತ್ತು.

“ನಂದೂ ನೂರಿಪ್ಪತ್ತೊಂಬತ್ತು.” ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಎಂಬತ್ತೆಂಟನ್ನು ಅಳಿಸಿ, ಪೆನ್ಸಿಲನ್ನು ಮತ್ತೆ ಅವನ ಬೆರಳುಗಳ ನಡುವೆ ಇಟ್ಟಳು. “ತಾಳೆ ಆಗ್ಲಿಲ್ಲ ಡಾಕ್ಟ್ರೇ. ಆಗಲೂ ಕಮ್ಮಿ ಬರೆದ್ರಿ, ಈಗಲೂ ಕಮ್ಮಿ. ಮೆನ್ನೊ, ಮೊದಲಿಂದ ಹೇಳಪ್ಪಾ.”

ಮೆನ್ನೊ ಒಂದು ಗುಟುಕು ಬಿಯರು ಕುಡಿದು, ಮೊದಲಿಂದ ಶುರುಮಾಡಿದ.